ನಾಲ್ಕು ಗಂಟೆಯ ಬಸ್ಸು

ರುಮೈಥಿಯಾದ ಆ ಮನೆಯಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಯಾರೂ ಸದ್ದು ಮಾಡುವಂತಿಲ್ಲ. ಅದು ಮಾಮಾ ಮಲಗುವ ಹೊತ್ತು. ಮನೆಯೊಡತಿಯನ್ನು ಮಾಮಾ ಎಂದೂ ಯಜಮಾನನನ್ನು ಬಾಬಾ ಎಂದೂ ಕರೆಯುವುದು ಕುವೈತಿನ ಮನೆಗೆಲಸದವರ ರೂಢಿ. ಈ ಮಾಮಾ ಹರಿಣಾಕ್ಷಿಗಿಂತ ಒಂಬತ್ತು ವರ್ಷ ಚಿಕ್ಕವಳು ಎಂಬುದು ಬೇರೆ ಮಾತು. ಆ ಎರಡು ಗಂಟೆ ಹರಿಣಾಕ್ಷಿಗೆ ಮೇಲಿನ ಮಹಡಿಯ ಇಸ್ತ್ರಿ ಕೋಣೆಯಲ್ಲಿ ಕೆಲಸ. ಹೋದ ವರ್ಷದ ಜುಲೈವರೆಗೆ ಅದು ಅವಳ ಜೊತೆ ಇದೇ ಮನೆಯಲ್ಲಿ ಕೆಲಸಕ್ಕಿದ್ದ ಲಿಜ್ಜಿಯ ಪಾಲಿನ ಕೆಲಸವಾಗಿತ್ತು. ಈಗ ಅಡುಗೆಯ ಜೊತೆಗೆ ಇಸ್ತ್ರಿಯೂ ಹರಿಣಾಕ್ಷಿಯ ತಲೆಗೇ ಬಿದ್ದಿದೆ.

ನೀರಿನ ಸದ್ದು ಶುರುವಾಗುವುದು ಅಲ್ಲೇ, ಆ ಹೊತ್ತಿಗೇ. ಮೊದಲ ದಿನ ಅವಳು ತಾರಸಿಯ ಟ್ಯಾಂಕಿ ತುಂಬಿ ಹರಿಯುತ್ತಿದೆ ಎಂದುಕೊಂಡು ಮೇಲೆ ಓಡಿದಳು. ಮೇ ತಿಂಗಳ ಬಿಸಿಲಿಗೆ ತಾರಸಿ ಕಾದ ಕಾವಲಿಯಾಗಿತ್ತು, ಒಂದು ಹನಿ ನೀರಿರಲಿಲ್ಲ. ಎರಡನೆಯ ದಿನ ಏಸಿಯವನನ್ನು ಕರೆಸಿದಳು. ಅವನು ಪೈಪು ಬಿಚ್ಚಿ ನೋಡಿ, ಏನೂ ಇಲ್ಲ ಎಂದು ಹೋದ. ಅದು ಹನಿಯುವ ಸದ್ದಾಗಿರಲಿಲ್ಲ. ಬಹಳ ಎತ್ತರದಿಂದ, ಬಹಳ ದೂರದಲ್ಲಿ, ಕಲ್ಲಿನ ಮೇಲೆ ಬೀಳುವ ನೀರಿನ ಮೊರೆತ. ನಾಲ್ಕನೆಯ ದಿನಕ್ಕೆ ಅವಳಿಗೆ ಅದರ ಗುರುತು ಸಿಕ್ಕಿತು, ಹೋದ ಜುಲೈಯಲ್ಲಿ ಬೆಟ್ಟದಲ್ಲಿ ಕೇಳಿದ್ದ ನೀರು. ಆ ಮೊರೆತದೊಳಗೆ ಇನ್ನೇನೋ ಕೇಳಿಸುವುದರಲ್ಲಿತ್ತು. ಅದನ್ನು ಕೇಳಿಸಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ. ಮಾಮಾ ಎದ್ದು ಬೈದರೂ ಬೈಯಲಿ ಎಂದು ವ್ಯಾಕ್ಯೂಮ್ ಮೆಷಿನ್ನು ಹಾಕಿ, ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದಳು.

ಆಮೇಲೆ ತೋಳಿನ ಉಪದ್ರ ಶುರುವಾಯಿತು. ಬಾಬಾನ ದಿಶ್‌ದಾಶಾ ಎಂಬ ಬಿಳಿ ನಿಲುವಂಗಿಗಳನ್ನು ಇಸ್ತ್ರಿ ಮಾಡಿ ಸಾಲಾಗಿ ತೂಗುಹಾಕಿ ತಿರುಗುವಷ್ಟರಲ್ಲಿ ಒಂದರ ಬಲತೋಳು ಮೊಣಕೈಯವರೆಗೆ ಒದ್ದೆ. ಮುಟ್ಟಿದರೆ ಫ್ರೀಜರಿನಿಂದ ತೆಗೆದಷ್ಟು ತಣ್ಣಗೆ. ಒಂದೇ ವಾರದಲ್ಲಿ ಮೂರು ಸಲ. ಊರಲ್ಲಾಗಿದ್ದರೆ ಇದಕ್ಕೆ ದಾರಿಯಿತ್ತು. ತೀರಿಹೋದವರು ಹೀಗೆ ಬೆನ್ನು ಬಿಡದಿದ್ದರೆ ತುಳುವರ ಮನೆಗಳಲ್ಲಿ ಆಟಿ ತಿಂಗಳಲ್ಲಿ ಅವರ ಹೆಸರಿಗೆ ಎಲೆ ಹಾಕಿ ಬಡಿಸುತ್ತಾರೆ. ಆದರೆ ಎಲೆ ಹಾಕುವುದು ಸತ್ತವರಿಗೆ ಮಾತ್ರ. ಬದುಕಿರುವವರಿಗೆ ಎಲೆ ಹಾಕಿದರೆ ಅವರ ಸಾವನ್ನು ಬಯಸಿದ ಹಾಗೆ.

ಲಿಜ್ಜಿ ಬದುಕಿದ್ದಳು. ಯುರೋಪಿನ ಯಾವುದೋ ಊರಿನಲ್ಲಿ, ಯಾರಿಗೂ ಮಾಮಾ ಎನ್ನದೆ, ಆರಾಮಾಗಿ ಇದ್ದಳು. ಇದನ್ನು ಎಲ್ಲರಿಗೂ ಹೇಳಿದವಳು ಹರಿಣಾಕ್ಷಿಯೇ. ಲಿಜ್ಜಿ ಓಡಿಹೋಗುವುದನ್ನು ಕಣ್ಣಾರೆ ಕಂಡ ಒಬ್ಬಳೇ ಸಾಕ್ಷಿ ಅವಳು.

ಬೇಸಿಗೆ ಬಂತೆಂದರೆ ಕುವೈತಿನ ಅನುಕೂಲಸ್ಥರು ತಂಪು ಹುಡುಕಿಕೊಂಡು ಹೊರಡುತ್ತಾರೆ. ಹೊರಡುವಾಗ ಅರ್ಧ ಮನೆಯನ್ನೂ ಕೆಲಸದವರನ್ನೂ ಕಟ್ಟಿಕೊಂಡೇ ಹೋಗುತ್ತಾರೆ. ಲಂಡನ್ನಿಗೆ ಹೋದರೆ ಅಲ್ಲೂ ಅದೇ ಪಕ್ಕದ ಮನೆಯವರ ಮುಖ ನೋಡಬೇಕು ಎಂದು ಬಾಬಾನಿಗೆ ಬೇಜಾರು. ಹಾಗಾಗಿ ಹೋದ ವರ್ಷ ನಾರ್ವೆ ದೇಶದ ಒಂದು ರಾಷ್ಟ್ರೀಯ ಉದ್ಯಾನ ಎಂದು ನಿಕ್ಕಿಯಾಯಿತು. ಅದರ ಹೆಸರು ಹರಿಣಾಕ್ಷಿಯ ನಾಲಗೆಗೆ ಎಂದೂ ಹತ್ತಲಿಲ್ಲ. ಅಲ್ಲಿ ಮಂಜುಗಡ್ಡೆಯ ನದಿಗಳಿವೆ, ಲೆಕ್ಕವಿಲ್ಲದಷ್ಟು ಜಲಪಾತಗಳಿವೆ, ದಿನವಿಡೀ ಬೆಟ್ಟ ಹತ್ತಿ ನಡೆಯುವುದೇ ಮಜಾ ಎಂದು ಬಾಬಾ ಫೋನಿನಲ್ಲಿ ತೋರಿಸಿದ್ದ. ಮಜಾ ಅವರದ್ದು, ಹೊರೆ ಇವರದ್ದು.

ಹೊರಡುವ ಮೊದಲಿನ ಶುಕ್ರವಾರ ಲಿಜ್ಜಿ ಮನೆಯ ಡ್ರೈವರ್ ಮುತ್ತಲಿಬನನ್ನು ಕಾಡಿಸಿ ರಾಯ್ ಎಂಬಲ್ಲಿನ ಶುಕ್ರವಾರದ ಸಂತೆಗೆ ಹೋದಳು. ಮುತ್ತಲಿಬ್ ಬಂಟ್ವಾಳದ ಕಡೆಯ ಬ್ಯಾರಿ, ಮಾತಿನಲ್ಲಿ ಒರಟ, ಕೇಳಿದರೆ ಇಲ್ಲ ಎನ್ನದವನು. ಅಲ್ಲಿ ಹಳೆಯ ಬಟ್ಟೆಗಳ ರಾಶಿಯಿಂದ ಲಿಜ್ಜಿ ಒಂದು ಹಳದಿ ಜಾಕೆಟು ಆರಿಸಿ ತಂದಳು. ಯಾವನೋ ಆಜಾನುಬಾಹುವಿನದು. ಹಾಕಿಕೊಂಡರೆ ಮೊಣಕಾಲು ಮುಚ್ಚುತ್ತಿತ್ತು.

"ಎಂಥ ಮಾರಾಯ್ತಿ, ರಸ್ತೆ ರಿಪೇರಿಗೆ ಹೊರಟದ್ದಾ?" ಎಂದು ಹರಿಣಾಕ್ಷಿ ನಕ್ಕಿದ್ದಳು.

"ನಗು, ನಗು. ಅಲ್ಲಿ ಹಲ್ಲು ಕಟಕಟ ಆಗುವಾಗ ಕೇಳ್ಲಿಕ್ಕೆ ಬಾ, ಆಗ ಹೇಳ್ತೇನೆ," ಎಂದಳು ಲಿಜ್ಜಿ.

ಇಬ್ಬರೂ ಏಳು ವರ್ಷ ಒಂದೇ ಕೋಣೆಯಲ್ಲಿ ಮಲಗಿದವರು. ಲಿಜ್ಜಿ ಕಿನ್ನಿಗೋಳಿಯವಳು, ಕ್ರೈಸ್ತಳು, ಮನೆಮಾತು ಕೊಂಕಣಿ. ಹರಿಣಾಕ್ಷಿ ಮೂಲ್ಕಿಯವಳು. ಅವರಿಬ್ಬರ ನಡುವೆ ನಡೆಯುತ್ತಿದ್ದುದು ತುಳು. ಲಿಜ್ಜಿಯ ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಒಬ್ಬಳೇ ಮಗಳು ಅಮಿತಾ ಅಜ್ಜಿಯ ಮನೆಯಲ್ಲಿ ಬೆಳೆದು, ಓದಿ, ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದಳು. ಲಿಜ್ಜಿಯ ಬಾಯಲ್ಲಿ ದಿನಕ್ಕೆ ಇಪ್ಪತ್ತು ಸಲ ಆ ಹೆಸರು ಬರುತ್ತಿತ್ತು.

ನಾರ್ವೆಯ ಹೋಟೆಲಿನಲ್ಲಿ ಎರಡನೆಯ ದಿನ ಬಟ್ಟೆ ಮಡಚುತ್ತಾ ಲಿಜ್ಜಿ ಮೆತ್ತಗೆ ಮಾತು ತೆಗೆದಳು.

"ಓಸ್ಲೋದಲ್ಲಿ ನಮ್ಮ ಕಡೆಯ ಹೆನ್ರಿ ಅಂತ ಒಬ್ರು ಇದ್ದಾರೆ. ಬಂದ್ರೆ ಕೆಲಸ ಮಾಡಿಸಿ ಕೊಡ್ತೇನೆ ಅಂತ ಹೇಳ್ತಾರೆ. ನಾಳೆ ಹತ್ತುವ ಬೆಟ್ಟದ ಬುಡದಿಂದ ನಾಲ್ಕು ಗಂಟೆಗೆ ಒಂದು ಬಸ್ಸು ಉಂಟಂತೆ."

"ಪಾಸ್‌ಪೋರ್ಟು ಬಾಬಾನ ಪೆಟ್ಟಿಗೆಯಲ್ಲುಂಟು."

"ಪಾಸ್‌ಪೋರ್ಟ್ ಇಲ್ಲದೆ ಎಷ್ಟು ಜನ ಇಲ್ವಾ! ಸುಮ್ನೆ ಕೇಳಿದೆ ಮಾರಾಯ್ತಿ. ಒಂದು ವೇಳೆ ನಾನು ಹೋದ್ರೆ ನೀನು ಎಂಥ ಹೇಳ್ತಿ?"

"ನನಗೆ ಗೊತ್ತೇ ಇಲ್ಲ ಅಂತ ಹೇಳ್ತೇನೆ. ಹೋಗುದಾದ್ರೆ ಹೋಗು. ನನ್ನನ್ನು ಕರೀಬೇಡ, ನನಗೆ ಅಷ್ಟು ಧೈರ್ಯ ಇಲ್ಲ."

ಲಿಜ್ಜಿ ನಕ್ಕಳು. ಮಾತು ಅಲ್ಲಿಗೆ ನಿಂತಿತು.

ಮರುದಿನ ಬೆಟ್ಟ ಹತ್ತಿದರು. ಮುಂದೆ ಬಾಬಾ, ಅವನ ಹಿಂದೆ ಮೂವರು ಮಕ್ಕಳು, ಮಾಮಾ, ಕೊನೆಯಲ್ಲಿ ಊಟದ ಚೀಲ ಹೊತ್ತ ಹರಿಣಾಕ್ಷಿ ಮತ್ತು ಗಹ್ವಾ ಕಾಫಿಯ ಕೆಂಪು ಫ್ಲಾಸ್ಕು ಹಿಡಿದ ಲಿಜ್ಜಿ. ದಾರಿಯ ಎರಡೂ ಕಡೆ ಬಂಡೆಗಳಿಂದ ನೀರು ಧುಮುಕುತ್ತಿತ್ತು. ಒಂದನ್ನು ನೋಡಿ ಮುಗಿಸುವಷ್ಟರಲ್ಲಿ ಇನ್ನೊಂದು. ತುಂತುರಿಗೆ ಮುಖ ಒದ್ದೆಯಾಗಿ, ಬೆರಳು ಮರಗಟ್ಟಿ, ಆದರೂ ಹರಿಣಾಕ್ಷಿಗೆ ಒಳಗೊಳಗೇ ಖುಷಿಯಾಯಿತು. ಇಷ್ಟು ನೀರನ್ನು ಅವಳು ಊರಿನ ಮಳೆಗಾಲದಲ್ಲೂ ಕಂಡಿರಲಿಲ್ಲ.

ಮೇಲೆ ಮಂಜುಗಡ್ಡೆ ಸಿಕ್ಕಿತು. ಎರಡು ಬೆಟ್ಟಗಳ ನಡುವೆ ಇಳಿದು ಬಂದು ಅಲ್ಲೇ ನಿಂತ ದೊಡ್ಡ ಗೋಡೆ. ಬಿರುಕುಗಳಲ್ಲಿ ಬಿಳಿ ಬಟ್ಟೆಗೆ ಹಾಕುವ ನೀಲಿಯ ಬಣ್ಣ. ಅದರ ಬುಡದಲ್ಲಿ ಗವಿಯಂಥ ಬಾಯಿ, ಆ ಬಾಯಿಯಿಂದ ಬೂದು ನೀರು ರಭಸದಿಂದ ಹೊರಬೀಳುತ್ತಿತ್ತು. ಇನ್ನೂ ಸಾಕಷ್ಟು ದೂರ ಇರುವಾಗಲೇ ಹಗ್ಗ ಕಟ್ಟಿ, ದಾಟಬಾರದು, ಗಡ್ಡೆ ಕುಸಿಯುತ್ತದೆ ಎಂದು ಚಿತ್ರ ಬರೆದ ಬೋರ್ಡು ಹಾಕಿದ್ದರು. ಬಾಬಾನಿಗೆ ಬೋರ್ಡು ಎಂದರೆ ಬೇರೆಯವರಿಗೆ ಹಾಕಿದ್ದು. "ಯಲ್ಲಾ," ಎಂದು ಹಗ್ಗ ಎತ್ತಿ ಎಲ್ಲರನ್ನೂ ಆಚೆ ದಾಟಿಸಿದ. ಮಕ್ಕಳು ಗಡ್ಡೆ ಮುಟ್ಟಿ ಕಿರುಚಿದವು. ಅಲ್ಲೇ ಒಂದು ಚಪ್ಪಟೆ ಕಲ್ಲಿನ ಮೇಲೆ ಗಹ್ವಾ ಕುಡಿದು, ಖರ್ಜೂರ ತಿಂದು, ಅರ್ಧ ಗಂಟೆ ಇಳಿದು ಬಂದು, ಕೆಳಗಿನ ಜಲಪಾತದ ಎದುರಿನ ಬಯಲಿನಲ್ಲಿ ಊಟಕ್ಕೆ ಕೂತರು.

ಮೂರೂಕಾಲಿಗೆ ಲಿಜ್ಜಿ ಹರಿಣಾಕ್ಷಿಯ ಹತ್ತಿರ ಬಂದಳು. "ಫ್ಲಾಸ್ಕು ಮೇಲೆ ಉಳಿದಿದೆ. ತಕ್ಕೊಂಡು ಈಗ ಬಂದೆ," ಎಂದಳು. ಹೇಳುವಾಗ ನಗುತ್ತಿದ್ದಳು.

ಹೊರಟಳು ಇವಳು, ಎಂದುಕೊಂಡಳು ಹರಿಣಾಕ್ಷಿ. ಮೇಲಿನ ಕವಲಿನಿಂದ ಇನ್ನೊಂದು ದಾರಿ ನೇರ ಬಸ್ ಸ್ಟಾಪಿಗೆ ಇಳಿಯುವುದನ್ನು ಇಬ್ಬರೂ ನೋಡಿದ್ದರು. ಹಳದಿ ಜಾಕೆಟು ತಿರುವಿನಲ್ಲಿ ಮರೆಯಾಗುವವರೆಗೆ ಅವಳು ಅತ್ತ ನೋಡದ ಹಾಗೆ ನಟಿಸುತ್ತಾ ತಟ್ಟೆಗಳನ್ನು ಒರೆಸಿದಳು. ಆಮೇಲೆ ಮಾಮಾ ಎಲ್ಲರನ್ನೂ ಜಲಪಾತದ ಮುಂದೆ ನಿಲ್ಲಿಸಿದಳು. ಹರಿಣಾಕ್ಷಿಯ ಹೊಸ ಫೋನಿನಲ್ಲಿ ಚಿತ್ರ ಚೆನ್ನಾಗಿ ಬರುತ್ತದೆಂದು ಅವಳೇ ತೆಗೆಯಬೇಕಾಯಿತು. ಒಂದು ತೆಗೆದಳು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಗುಡುಗಿದ ಹಾಗೆ ಶಬ್ದ ಬಂತು. ಎಲ್ಲೋ ಗಡ್ಡೆ ಬಿತ್ತು ಎಂದ ಬಾಬಾ. ಮಕ್ಕಳು ಚಪ್ಪಾಳೆ ತಟ್ಟಿದವು.

ಕಾರು ನಿಲ್ಲಿಸಿದ ಜಾಗಕ್ಕೆ ಬಂದು ಲಿಜ್ಜಿಗಾಗಿ ಐದೂವರೆಯವರೆಗೆ ಕಾದರು. ಬಾಬಾ ಉದ್ಯಾನದ ಕಾವಲಿನವರಿಗೆ ಫೋನು ಮಾಡಲು ಹೊರಟ. ಅವರು ಹುಡುಕಲು ಹೋದರೆ ರಸ್ತೆಯಲ್ಲೇ ಲಿಜ್ಜಿ ಸಿಕ್ಕಿಬೀಳುತ್ತಾಳೆ, ಹಿಡಿದು ತಂದು ಒಪ್ಪಿಸುತ್ತಾರೆ. ಹರಿಣಾಕ್ಷಿಗೆ ಬೇರೇನೂ ಹೊಳೆಯಲಿಲ್ಲ. ತಾನು ನಾಲ್ಕು ಗಂಟೆಗೆ ಬಯಲಿನ ಅಂಚಿನ ಟಾಯ್ಲೆಟ್ಟಿಗೆ ಹೋದಾಗ ಕೆಳಗಿನ ರಸ್ತೆಯಲ್ಲಿ ಲಿಜ್ಜಿ ಬಸ್ಸು ಹತ್ತುವುದನ್ನು ನೋಡಿದೆ, ಹೆದರಿ ಬಾಯಿ ಬಿಡಲಿಲ್ಲ, ಎಂದಳು. ಬಾಬಾನ ಮುಖ ಕೆಂಪಾಯಿತು. "ಖಲಾಸ್," ಎಂದು ಕಾರು ಹತ್ತಿದ. ಯುರೋಪಿಗೆ ಕರೆದೊಯ್ದ ಕೆಲಸದವಳು ತಪ್ಪಿಸಿಕೊಳ್ಳುವುದು ಕುವೈತಿನಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ಓಡಿಹೋದಳು ಎಂದು ಅಲ್ಲಿಯ ಪೊಲೀಸರೂ ಬರೆದುಕೊಂಡರು, ಇಲ್ಲಿಯವರೂ ಬರೆದುಕೊಂಡರು. ಮೇಲೆ ಹತ್ತಿ ನೋಡಿದವರು ಯಾರೂ ಇಲ್ಲ.

ಆವತ್ತು ಹರಿಣಾಕ್ಷಿಗೆ ಹೆಮ್ಮೆಯಾಗಿತ್ತು. ಹೆದರುಪುಕ್ಕಲಿ ತಾನು, ಗೆಳತಿಗಾಗಿ ಇಷ್ಟಾದರೂ ಮಾಡಿದೆನಲ್ಲ ಎಂದು.

ಲಿಜ್ಜಿಗೆ ಕಳಿಸಿದ ಮೆಸೇಜುಗಳಿಗೆ ಒಂದೇ ಟಿಕ್ ಬಿದ್ದು ನಿಂತಿತು. ಸಿಮ್ಮು ಎಸೆದಿರಬೇಕು, ಜಾಣೆ, ಎಂದುಕೊಂಡಳು. ಒಂದು ತಿಂಗಳಾಯಿತು, ಮೂರಾಯಿತು. ಮಗಳಿಗಾದರೂ ಫೋನು ಮಾಡಬೇಡವೇ? ಅಮಿತಾ ಪ್ರತಿ ಸಲ ಕೇಳಿದಾಗಲೂ ಹರಿಣಾಕ್ಷಿ ಅದೇ ಬಸ್ಸಿನ ಕಥೆ ಹೇಳಿದಳು. ಹೇಳಿ ಹೇಳಿ ಆ ಬಸ್ಸಿಗೆ ಬಣ್ಣವೂ ಬಂದಿತ್ತು, ಬಾಗಿಲೂ ಬಂದಿತ್ತು. ಕ್ರಿಸ್ಮಸ್ ಆದ ಮೇಲೆ ಅಮಿತಾ ಕೇಳುವುದನ್ನೇ ಬಿಟ್ಟಳು.

ಈ ಮೇ ತಿಂಗಳ ಮೊದಲಿಗೆ ಅವಳೇ ಫೋನು ಮಾಡಿದ್ದಳು.

"ಆಂಟಿ, ಇಪ್ಪತ್ತೇಳಕ್ಕೆ ನನ್ನ ಮದುವೆ. ಕಾರ್ಡು ಕಳಿಸ್ತೇನೆ, ನೋಡಿ."

"ಒಳ್ಳೆದಾಗ್ಲಿ ಮಗಾ."

"ಅಮ್ಮನ ಹೆಸರು ಹಾಕಿಸ್ಲಿಲ್ಲ. ಫಾದರ್ ಕೇಳಿದ್ರು, ತೀರಿಹೋಗಿದ್ದಾರಾ, ಇದ್ದಾರಾ ಅಂತ. ಇದ್ದಾರೆ, ಆದ್ರೆ ನಮಗೆ ಇಲ್ಲ ಅಂತ ಹೇಳಿದೆ. ಹಿಂದಿನ ದಿನದ ರೋಸ್ ಶಾಸ್ತ್ರಕ್ಕೆ ದೊಡ್ಡಮ್ಮನೇ ತಲೆಗೆ ಎಣ್ಣೆ, ತೆಂಗಿನ ಹಾಲು ಹಾಕ್ತಾರೆ." ಆಮೇಲೆ, "ಅಮ್ಮನಿಗೆ ಅಲ್ಲಿ ಬೇರೆ ಸಂಸಾರ ಆಗಿದೆಯಾ ಆಂಟಿ? ಗೊತ್ತಿದ್ರೆ ಹೇಳಿ. ನನಗೆ ಬೇಜಾರಿಲ್ಲ. ಒಂದು ಮಾತು ಹೇಳಿ ಹೋಗ್ಬಹುದಿತ್ತಲ್ಲ," ಎಂದಳು.

ಗೊತ್ತಿಲ್ಲ ಎಂದು ಹರಿಣಾಕ್ಷಿ ಬೇಗ ಫೋನಿಟ್ಟಳು. ನೀರಿನ ಸದ್ದು ಶುರುವಾದದ್ದು ಅದರ ಮರುದಿನದಿಂದ.

ಈ ನಡುವೆ ಮಾಮಾಗೆ ಹಜಾರದ ಗೋಡೆ ಬೋಳು ಎನ್ನಿಸಿತು. ಆ ಜಲಪಾತದ ಚಿತ್ರವನ್ನೇ ಗೋಡೆಯಷ್ಟು ದೊಡ್ಡದು ಮಾಡಿಸಿ ಅಂಟಿಸಬೇಕು. ವಾಟ್ಸಾಪಿನಲ್ಲಿ ಕಳಿಸಿದ್ದು ದೊಡ್ಡದು ಮಾಡಿದರೆ ಮಸುಕಾಗುತ್ತದೆ, ಮೂಲ ಚಿತ್ರವಿರುವ ಫೋನೇ ಬೇಕು ಎಂದು ಅಂಗಡಿಯವರು ಹೇಳಿದ್ದರಿಂದ, ಹರಿಣಾಕ್ಷಿ ತನ್ನ ಫೋನು ಹಿಡಿದು ಮುತ್ತಲಿಬನ ಜೊತೆ ರಾಯ್‌ಗೆ ಹೋದಳು.

ಪ್ರಿಂಟಿಂಗ್ ಅಂಗಡಿಯ ಹಾರಿಸ್ ಎಂಬ ಹುಡುಗ ಕಾಸರಗೋಡಿನವನು, ಅಕ್ಕ ಎನ್ನುವುದಕ್ಕೆ ಚೇಚಿ ಎನ್ನುವವನು. ಫೋನಿನಿಂದ ಚಿತ್ರ ಇಳಿಸಿಕೊಂಡು ಕಂಪ್ಯೂಟರಿನಲ್ಲಿ ಹಿಗ್ಗಿಸುತ್ತಾ ಹೋದ. ಬಾಬಾನ ಗಡ್ಡ, ಮಕ್ಕಳ ಹಲ್ಲು, ಜಲಪಾತದ ನೊರೆ. ಮೇಲಿನ ಮೂಲೆಯಲ್ಲಿ ಮಂಜುಗಡ್ಡೆ.

"ಚೇಚಿ, ಇಲ್ಲೊಂದು ಹಳದಿ ಕಲೆ ಉಂಟು. ಗೋಡೆಗೆ ಹಾಕಿದ್ರೆ ಎದ್ದು ಕಾಣ್ತದೆ. ಅಳಿಸ್ಲಾ? ಒಂದು ನಿಮಿಷ ಸಾಕು."

ಹರಿಣಾಕ್ಷಿ ಬಗ್ಗಿ ನೋಡಿದಳು. ಹಾರಿಸ್ ಇನ್ನಷ್ಟು ಹಿಗ್ಗಿಸಿದ. ಹಗ್ಗದಿಂದ ಬಹಳ ಆಚೆ, ಗಡ್ಡೆಯ ಬುಡದ ಆ ಕಪ್ಪು ಬಾಯಿಯ ಪಕ್ಕದಲ್ಲಿ, ಮೊಣಕಾಲು ಮುಚ್ಚುವ ಹಳದಿ ಜಾಕೆಟು. ಬಲತೋಳು ಮೇಲಕ್ಕೆತ್ತಿತ್ತು. ಕೈಯ ತುದಿಯಲ್ಲಿ ಸಾಸಿವೆಯಷ್ಟು ಕೆಂಪು.

ಅವಳ ಹಿಂದೆ ನಿಂತಿದ್ದ ಮುತ್ತಲಿಬ್ "ಯಾ ಅಲ್ಲಾಹ್" ಎಂದ. "ಇದು ನಾನು ಕರ್ಕೊಂಡು ಹೋಗಿ ತೆಗ್ಸಿಕೊಟ್ಟ ಜಾಕೆಟಲ್ವಾ ಹರಿಣಾಕ್ಷಿಯಕ್ಕ?"

"ಚಿತ್ರ ಎಷ್ಟು ಗಂಟೆಗೆ ತೆಗೆದದ್ದು ಅಂತ ಅದ್ರಲ್ಲಿ ಕಾಣ್ತದಾ?" ಎಂದು ಅವಳು ಹಾರಿಸನನ್ನು ಕೇಳಿದಳು.

"ಮೂರು ಐವತ್ತೆರಡು."

ಗಡ್ಡೆಯಿಂದ ರಸ್ತೆಗೆ ಮುಕ್ಕಾಲು ಗಂಟೆಯ ದಾರಿ. ಮೂರು ಐವತ್ತೆರಡಕ್ಕೆ ಅಲ್ಲಿದ್ದವಳು ನಾಲ್ಕರ ಬಸ್ಸು ಹತ್ತುವುದು ಸಾಧ್ಯವಿರಲಿಲ್ಲ. ಹತ್ತುವ ಮನಸ್ಸೂ ಅವಳಿಗಿರಲಿಲ್ಲ. ಲಿಜ್ಜಿ ಹೇಳಿದ್ದು ನಿಜ. ಫ್ಲಾಸ್ಕು ತರಲು ಹೋಗಿದ್ದಳು, ಅಷ್ಟೇ.

"ಅಳಿಸ್ಲಾ ಚೇಚಿ?"

"ಮುಟ್ಬೇಡ!" ಹರಿಣಾಕ್ಷಿ ಕಿರುಚಿದಳು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಕಾರಿನಲ್ಲಿ ಮುತ್ತಲಿಬ್, "ಹೇಳ್ಬೇಡಿ ಅಕ್ಕ," ಎಂದ. "ಹತ್ತು ತಿಂಗಳಾಯ್ತು. ಈಗ ಹೇಳಿದ್ರೆ ಲಿಜ್ಜಿಬಾಯಿ ಎದ್ದು ಬರುದಿಲ್ಲ. ಪೊಲೀಸಿಗೆ ಸುಳ್ಳು ಹೇಳಿದ್ದಕ್ಕೆ ನಿಮ್ಮ ಇಕಾಮಾ ಖಲಾಸ್, ಮತ್ತೆ ಇಲ್ಲಿ ಇರ್ಲಿಕ್ಕೆ ಬಿಡುದಿಲ್ಲ."

"ಆವತ್ತು ಹುಡುಕ್ತಿದ್ರೆ ಸಿಗ್ತಿದ್ಲಾ ಮುತ್ತಲಿಬಾ?"

ಅವನು ರಸ್ತೆಯನ್ನೇ ನೋಡುತ್ತಾ ಗಾಡಿ ಓಡಿಸಿದ. ಬೇಕಿದ್ದರೆ ಅವನು ಇಲ್ಲ ಎಂದು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲವೆಂದು ಹರಿಣಾಕ್ಷಿಗೆ ಅವನ ಮೇಲೆ ಕೋಪವೂ ಬಂತು, ಗೌರವವೂ ಬಂತು.

ಮನೆಗೆ ಬಂದವಳೇ ನೇರ ಮಾಮಾನ ಎದುರು ನಿಂತಳು. ಮುರುಕು ಅರಬಿಯಲ್ಲಿ, ತಡವರಿಸದೆ, ಬಸ್ಸು ಇರಲಿಲ್ಲ ಮಾಮಾ, ನಾನು ನೋಡಿಲ್ಲ, ಸುಳ್ಳು ಹೇಳಿದೆ, ಎಂದಳು. ಫೋನಿನಲ್ಲಿ ಆ ಮೂಲೆಯನ್ನು ಹಿಗ್ಗಿಸಿ ತೋರಿಸಿದಳು. ಬೈಗುಳಕ್ಕೆ, ಏಟಿಗೆ, ಎಲ್ಲದಕ್ಕೂ ತಯಾರಾಗಿದ್ದಳು.

ಮಾಮಾ ಬಹಳ ಹೊತ್ತು ಚಿತ್ರ ನೋಡಿದಳು.

"ಫ್ಲಾಸ್ಕ್ ತಾ ಅಂತ ನಾನೇ ಕಳಿಸಿದ್ದು ಹರೀನಾ," ಎಂದಳು. "ನೀನು ಬಸ್ಸು ಎಂದಾಗ ನನಗೆ ಸಮಾಧಾನವಾಯಿತು. ಆಮೇಲೆ ಅದನ್ನು ಯೋಚಿಸಲಿಲ್ಲ."

ಅಂದರೆ ಈ ಮನೆಯಲ್ಲಿ ಹತ್ತು ತಿಂಗಳಿಂದ ಆ ಬಸ್ಸನ್ನು ಇಬ್ಬರು ಹೆಂಗಸರು ಓಡಿಸುತ್ತಿದ್ದರು. ಮಾಮಾ ಗಂಡನಿಗೆ ಫೋನು ಮಾಡಿದಳು. ನಾರ್ವೆಗೆ ತಿಳಿಸಬೇಕು, ಎಂಬೆಸಿಗೆ ತಿಳಿಸಬೇಕು, ಹರಿಣಾಕ್ಷಿಯನ್ನು ಏನು ಮಾಡುವುದೆಂದು ಬಾಬಾ ಬಂದ ಮೇಲೆ ಹೇಳುತ್ತಾನೆ. ಹರಿಣಾಕ್ಷಿ ಅದನ್ನೆಲ್ಲ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಅವಳು ಹೇಳಬೇಕಾದವಳು ಇನ್ನೊಬ್ಬಳಿದ್ದಳು. ಇಸ್ತ್ರಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅಮಿತಾಗೆ ಫೋನು ಹಚ್ಚಿದಳು.

ಎಲ್ಲ ಹೇಳಿದಳು. ಹೋಟೆಲಿನ ಮಾತು, ಫ್ಲಾಸ್ಕು, ಚಿತ್ರ, ಗುಡುಗಿದ ಶಬ್ದ, ತನ್ನ ಸುಳ್ಳು. ಲೈನು ಕಡಿದಿದೆಯೇ ಎಂದು ಎರಡು ಸಲ ನೋಡಿದಳು.

"ಅಂದ್ರೆ ಅಮ್ಮ ವಾಪಸ್ ಬರ್ಲಿಕ್ಕೇ ಹೋದದ್ದು," ಎಂದಳು ಅಮಿತಾ ಕೊನೆಗೆ.

"ಹೌದು ಮಗಾ."

"ನಮ್ಮನ್ನು ಬಿಟ್ಟು ಹೋಗ್ಲಿಲ್ಲ."

"ಇಲ್ಲ."

ಆಗ ಅಮಿತಾ ಅತ್ತಳು. ಹತ್ತು ತಿಂಗಳಿನದ್ದನ್ನೆಲ್ಲ ಒಮ್ಮೆಗೇ ಅತ್ತಳು. ಆ ಅಳುವಿನಲ್ಲಿ ಎಲ್ಲೋ ಸಂತೋಷವೂ ಸೇರಿತ್ತು, ಅದನ್ನು ಕೇಳುವುದು ಹರಿಣಾಕ್ಷಿಗೆ ಬೈಗುಳಕ್ಕಿಂತ ಕಷ್ಟವಾಯಿತು. ಅಳು ಸ್ವಲ್ಪ ತಗ್ಗಿದ ಮೇಲೆ ಅಮಿತಾ ಮೂಗೊರೆಸಿಕೊಂಡು ಕೇಳಿದಳು.

"ಅಷ್ಟು ದೊಡ್ಡ ಬೆಟ್ಟದಲ್ಲಿ ಒಬ್ರೇ. ಅಮ್ಮ ಕೂಗ್ಲಿಲ್ವಾ ಆಂಟಿ? ನಿಮಗೆ ಏನೂ ಕೇಳ್ಲಿಲ್ವಾ?"

ಇಲ್ಲಿಯವರೆಗೆ ಒಂದು ಸಂಗತಿ ಹರಿಣಾಕ್ಷಿ ಮಾಮಾಗೆ ಹೇಳಿರಲಿಲ್ಲ, ಮುತ್ತಲಿಬನಿಗೆ ಹೇಳಿರಲಿಲ್ಲ. ತನಗೆ ತಾನೂ ಹೇಳಿಕೊಳ್ಳದ್ದರಿಂದ ಈ ಕಥೆಯಲ್ಲೂ ಅದು ಬಂದಿಲ್ಲ. ಚಿತ್ರ ತೆಗೆದು ಫೋನು ಇಳಿಸಿದ ಮೇಲೆ, ಗುಡುಗುವ ಮೊದಲು, ನೀರಿನ ಮೊರೆತದೊಳಗಿಂದ ಅವಳ ಹೆಸರು ಕೇಳಿಸಿತ್ತು. ಒಂದು ಸಲವಲ್ಲ, ಎರಡು ಸಲ. ಕೇಳಲಿಲ್ಲ ಎಂದರೆ ಈಗಲೂ ಮುಗಿದುಹೋಗುತ್ತಿತ್ತು. ಹುಡುಗಿಯ ಮದುವೆಗೆ ಎರಡು ವಾರ ಇತ್ತು, ಜಲಪಾತದ ಸದ್ದಿನಲ್ಲಿ ಯಾರಿಗೆ ಏನು ಕೇಳುತ್ತದೆ ಎಂದರೆ ಯಾರಾದರೂ ನಂಬುತ್ತಿದ್ದರು. ಸುಳ್ಳು ನಾಲಗೆಯ ತುದಿಗೆ ಬಂದು ನಿಂತಿತ್ತು.

"ಕೂಗಿದ್ಲು ಮಗಾ," ಎಂದಳು ಹರಿಣಾಕ್ಷಿ. "ನನ್ನ ಹೆಸರು ಹಿಡಿದು ಕೂಗಿದ್ಲು. ಹೋಗ್ತೇನೆ ಅಂತ ಹೇಳುದು ಅಂತ ತಿಳ್ಕೊಂಡು, ನಾನು ಕೈ ಬೀಸಿದೆ."